ಯಾರ ಹೆದರಿಕೆಗೆ ಕಾನೂನಿನ ಮನ್ನಣೆ?

ನಿಜ ಹೇಳಿದರೆ ಹುಲಿಯ ಮನಸ್ಸೂ ಕರಗುತ್ತದೆ ಅಂತ ನಾವು ಮಕ್ಕಳಿಗೆ ಪುಣ್ಯಕೋಟಿಯ ಕತೆ ಹೇಳುತ್ತೇವೆ. ಕೊಟ್ಟ ಮಾತಿನಂತೆ ವಾಪಸು ಬಂದ ಹಸುವನ್ನು ನೋಡಿ ಹುಲಿ ನಾಚಿಕೊಂಡು ಪ್ರಾಣ ಬಿಟ್ಟಿತು ಅನ್ನುತ್ತೇವೆ. ಹುಲಿಗೆ ನಾಚಿಕೆಯೇ ಇಲ್ಲದಿದ್ದರೆ? ನಿಜ ಹೇಳಿದ ಮೇಲೂ ಕೊಂದು, "ನನಗೆ ಹೆದರಿಕೆ ಆಯ್ತು ಸ್ವಾಮಿ" ಅಂತ ಕೋರ್ಟಿನಲ್ಲಿ ಹೇಳಿ, ಅದು ಬಿಡುಗಡೆ ಪಡೆದರೆ? ಆಗ ನಾವು ಮಕ್ಕಳಿಗೆ ಯಾವ ಕತೆ ಹೇಳಬೇಕು?

2016ರ ಜುಲೈ 6ರ ರಾತ್ರಿ ಅಮೆರಿಕದ ಮಿನೆಸೋಟ ರಾಜ್ಯದ ಫಾಲ್ಕನ್ ಹೈಟ್ಸ್‌ನಲ್ಲಿ ಫಿಲ್ಯಾಂಡೊ ಕ್ಯಾಸ್ಟೀಲ್ ಎಂಬ 32 ವರ್ಷದ ಕಪ್ಪು ಮನುಷ್ಯ ಕಾರು ಓಡಿಸಿಕೊಂಡು ಹೋಗುತ್ತಿದ್ದ. ಪಕ್ಕದಲ್ಲಿ ಗೆಳತಿ. ಹಿಂದಿನ ಸೀಟಿನಲ್ಲಿ ಅವಳ 4 ವರ್ಷದ ಮಗಳು. ಅವನದು ಸೇಂಟ್ ಪಾಲ್ ನಗರದ ಒಂದು ಶಾಲೆಯಲ್ಲಿ ಮಕ್ಕಳ ಊಟದ ಉಸ್ತುವಾರಿ ಕೆಲಸ. ನಮ್ಮ ಕಡೆ ಬಿಸಿಯೂಟದವರು ಇದ್ದಾರಲ್ಲ, ಹಾಗೆ ಅನ್ನಿ. ಮಕ್ಕಳ ಹೆಸರು ಮಾತ್ರವಲ್ಲ, ಯಾವ ಮಗುವಿಗೆ ಹಾಲು ಒಗ್ಗುವುದಿಲ್ಲ ಅನ್ನುವುದೂ ಅವನಿಗೆ ಗೊತ್ತಿತ್ತು ಅಂತ ಜೊತೆ ಕೆಲಸ ಮಾಡಿದವರು ಆಮೇಲೆ ಹೇಳಿದರು.

ಪೊಲೀಸಿನವನು ಕಾರು ನಿಲ್ಲಿಸಿದ. ಬ್ರೇಕ್ ಲೈಟು ಉರಿಯುತ್ತಿಲ್ಲ ಅಂದ. ಲೈಸೆನ್ಸು, ಇನ್ಶೂರೆನ್ಸು ಕೇಳಿದ. ಕ್ಯಾಸ್ಟೀಲ್ ಇನ್ಶೂರೆನ್ಸಿನ ಕಾರ್ಡು ಕೊಟ್ಟ. ಆಮೇಲೆ "ಸರ್" ಅಂತ ಮರ್ಯಾದೆ ಕೊಟ್ಟೇ, ತನ್ನ ಹತ್ತಿರ ಬಂದೂಕು ಇದೆ ಅಂತ ತಿಳಿಸಿದ. ಆ ಬಂದೂಕಿಗೆ ಪರವಾನಗಿ ಇತ್ತು. ಅದನ್ನು ತೆಗೀಬೇಡ ಅಂದ ಪೊಲೀಸು. ತೆಗೀತಿಲ್ಲ ಅಂದ ಇವನು. ತೆಗೀತಿಲ್ಲ ಅಂದಳು ಗೆಳತಿಯೂ. ಏಳು ಗುಂಡು ಹಾರಿದವು. ಬಂದೂಕು ಇದೆ ಅಂದ ಮಾತಿಗೂ ಮೊದಲ ಗುಂಡಿಗೂ ನಡುವೆ 10 ಸೆಕೆಂಡು ಕೂಡ ಇರಲಿಲ್ಲ.

2017ರ ಜೂನ್ 16ರಂದು ಜ್ಯೂರಿ ಆ ಪೊಲೀಸನನ್ನು ನಿರ್ದೋಷಿ ಅಂತ ಬಿಟ್ಟಿತು. ಪ್ರಾಣಭಯದಿಂದ ಗುಂಡು ಹಾರಿಸಿದೆ ಅನ್ನುವುದೇ ಅವನ ವಾದವಾಗಿತ್ತು.

ಅಮೆರಿಕದ ಬಂದೂಕಿಗೂ ನಮಗೂ ಏನು ಸಂಬಂಧ ಅಂತ ಗೆಳೆಯರು ಕೇಳಬಹುದು. ಬಂದೂಕಿನ ಸಂಬಂಧ ಬೇಡ. ಹೆದರಿಕೆಯ ಸಂಬಂಧ ನೋಡೋಣ.

ಮೊದಲು ಅಲ್ಲಿಯ ಕಾನೂನು ಏನು ಹೇಳುತ್ತದೆ ಅಂತ ತಿಳಿಯಬೇಕು. ಆಯುಧ ಇಟ್ಟುಕೊಳ್ಳುವುದು ಅಲ್ಲಿ ಸಂವಿಧಾನದ ಹಕ್ಕು. 1791ರ ಎರಡನೆಯ ತಿದ್ದುಪಡಿಯಲ್ಲಿ ಅದು ಇದೆ. ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವುದು ಪ್ರತಿಯೊಬ್ಬನ ಹಕ್ಕು ಅಂತ ಸುಪ್ರೀಂ ಕೋರ್ಟು 2008ರಲ್ಲಿ ಹೇಳಿತು. ಮನೆಯ ಹೊರಗೆ ಒಯ್ಯುವುದೂ ಹಕ್ಕೇ ಅಂತ 2022ರಲ್ಲಿ ಹೇಳಿತು. ಈಗ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಬಂದೂಕು ಒಯ್ಯಲು ಪರವಾನಗಿಯೂ ಬೇಡ. ಮಿನೆಸೋಟದಲ್ಲಿ ಬೇಕು. ಕ್ಯಾಸ್ಟೀಲ್ ಅದನ್ನು ಪಡೆದಿದ್ದ.

ಹೀಗೆ ಬಂದೂಕು ಇಟ್ಟುಕೊಂಡವನನ್ನು ಪೊಲೀಸರು ತಡೆದರೆ ಅವನು ಏನು ಮಾಡಬೇಕು? ಕೆಲವು ರಾಜ್ಯಗಳಲ್ಲಿ ಅವನೇ ಮುಂಚೆ ಹೇಳಬೇಕು. ಇನ್ನು ಕೆಲವು ಕಡೆ ಕೇಳಿದರೆ ಹೇಳಿದರೆ ಸಾಕು. ಮಿನೆಸೋಟ ಈ ಎರಡನೆಯ ಥರದ್ದು. ಅಂದರೆ ಆ ರಾತ್ರಿ ಕ್ಯಾಸ್ಟೀಲ್ ಕೇಳುವ ಮೊದಲೇ ಹೇಳಬೇಕಾಗಿರಲಿಲ್ಲ. ಕಾನೂನು ಕೇಳಿದ್ದಕ್ಕಿಂತ ಹೆಚ್ಚು ಪ್ರಾಮಾಣಿಕನಾಗಲು ಹೋದ.

ಇನ್ನು ಪೊಲೀಸರಿಗೆ ಏನೇನು ಅಧಿಕಾರ ಇದೆ? 1968ರ ಟೆರ್ರಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಂದು ಸೂತ್ರ ಕೊಟ್ಟಿತು. ಸಕಾರಣವಾದ ಅನುಮಾನ ಇದ್ದರೆ ಪೊಲೀಸು ಮನುಷ್ಯನನ್ನು ತಡೆಯಬಹುದು. ಅವನ ಹತ್ತಿರ ಆಯುಧ ಇದೆ ಮತ್ತು ಅವನಿಂದ ಅಪಾಯ ಇದೆ ಅನ್ನಿಸಿದರೆ ಬಟ್ಟೆಯ ಮೇಲೆ ಕೈಯಾಡಿಸಿ ತಡಕಬಹುದು. 1977ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಡೆದ ಕಾರಿನ ಚಾಲಕನನ್ನು ಕೆಳಗಿಳಿಸಬಹುದು ಅಂದಿತು. 1983ರಲ್ಲಿ, ಆಯುಧಕ್ಕಾಗಿ ಕಾರಿನ ಒಳಗೂ ಹುಡುಕಬಹುದು ಅಂದಿತು. ಪೌರನ ಪರವಾಗಿಯೂ ಒಂದು ತೀರ್ಪು ಇದೆ. ಮಯಾಮಿಯ ಬಸ್ ಸ್ಟಾಪಿನಲ್ಲಿ ಚೌಕುಳಿ ಅಂಗಿ ತೊಟ್ಟ ಕಪ್ಪು ಹುಡುಗನ ಹತ್ತಿರ ಬಂದೂಕು ಇದೆ ಅಂತ ಹೆಸರಿಲ್ಲದ ಯಾರೋ ಫೋನು ಮಾಡಿದರು. ಅಷ್ಟರಿಂದಲೇ ಅವನ ಮೈ ತಡಕುವುದು ತಪ್ಪು ಅಂತ 2000ದಲ್ಲಿ ಕೋರ್ಟು ಒಮ್ಮತದಿಂದ ಹೇಳಿತು.

ಟೆರ್ರಿ ಸೂತ್ರದಲ್ಲಿ "ಮತ್ತು" ಅನ್ನುವ ಒಂದು ಪದ ಇತ್ತು. ಆಯುಧ ಇದೆ, ಮತ್ತು ಅಪಾಯ ಇದೆ. ಎರಡೂ ಬೇರೆ ಬೇರೆ. ಬಂದೂಕು ಒಯ್ಯುವುದೇ ಹಕ್ಕು ಅಂದ ಮೇಲೆ ಬರೀ ಬಂದೂಕು ಇದ್ದ ಮಾತ್ರಕ್ಕೆ ಒಬ್ಬ ಅಪಾಯಕಾರಿ ಆಗಕೂಡದು. ಆದರೆ 2017ರ ಜನವರಿಯಲ್ಲಿ, ವೆಸ್ಟ್ ವರ್ಜೀನಿಯಾದಿಂದ ಬಂದ ರಾಬಿನ್ಸನ್ ಮೊಕದ್ದಮೆಯಲ್ಲಿ, ಒಂದು ಫೆಡರಲ್ ಅಪೀಲು ನ್ಯಾಯಾಲಯ ಆ "ಮತ್ತು" ತೆಗೆದು "ಆದ್ದರಿಂದ" ಹಾಕಿತು. ನ್ಯಾಯವಾಗಿ ತಡೆದ ಮನುಷ್ಯನ ಹತ್ತಿರ ಬಂದೂಕು ಇದ್ದರೆ, ಅದು ಕಾನೂನುಬದ್ಧವೇ ಇರಲಿ, ಆದ್ದರಿಂದ ಅವನು ಅಪಾಯಕಾರಿ, ತಡಕಬಹುದು ಅಂತ ತೀರ್ಮಾನವಾಯಿತು. ವ್ಯಾಕರಣ ಕಲಿಸುವ ಮೇಷ್ಟ್ರುಗಳಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಅವ್ಯಯ ಬದಲಾದರೆ ಒಬ್ಬ ಮನುಷ್ಯನ ಸ್ಥಿತಿಯೇ ಬದಲಾಗುತ್ತದೆ.

ಈಗ ನೋಡಿ. ಒಂದು ಕೈಯಲ್ಲಿ ಕಾನೂನು ಹಕ್ಕು ಕೊಡುತ್ತದೆ. ಇನ್ನೊಂದು ಕೈಯಲ್ಲಿ ಆ ಹಕ್ಕನ್ನು ಕಂಡು ಹೆದರುವ ಅಧಿಕಾರವನ್ನು ಪೊಲೀಸರಿಗೆ ಕೊಡುತ್ತದೆ. ಈ ಎರಡು ಕೈಗಳ ನಡುವೆ ಒಬ್ಬ ಮನುಷ್ಯ ಕಾರಿನಲ್ಲಿ ಕೂತಿದ್ದಾನೆ. ಅವನು ಬದುಕುವುದೂ ಸಾಯುವುದೂ ಎದುರಿಗೆ ನಿಂತವನಿಗೆ ಎಷ್ಟು ಹೆದರಿಕೆ ಆಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಪೊಲೀಸು ಬಲಪ್ರಯೋಗ ಮಾಡಿದ್ದು ಸರಿಯೋ ತಪ್ಪೋ ಅನ್ನುವುದನ್ನು ಆ ಸ್ಥಳದಲ್ಲಿದ್ದ ವಿವೇಕವಂತ ಪೊಲೀಸನ ಕಣ್ಣಿನಿಂದ ಅಳೆಯಬೇಕು ಅಂತ 1989ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಗುಂಡು ಹಾರಿದ ಆ ಒಂದು ಕ್ಷಣವನ್ನಷ್ಟೇ ನೋಡಿದರೆ ಸಾಲದು, ಅದರ ಹಿಂದುಮುಂದು ಎಲ್ಲವನ್ನೂ ನೋಡಬೇಕು ಅಂತ 2025ರ ಮೇ ತಿಂಗಳಲ್ಲಿ ಹೇಳಿದ್ದು ಒಳ್ಳೆಯದೇ ಆಯಿತು. ಆದರೂ ನೋಡುವ ಕಣ್ಣು ಪೊಲೀಸನದೇ. ತಡೆಯಲ್ಪಟ್ಟವನ ಕಣ್ಣಿಗೆ ಏನು ಕಂಡಿತು, ಅವನ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತು ಅನ್ನುವುದನ್ನು ಅಳೆಯುವ ಸೇರು ಯಾರ ಹತ್ತಿರವೂ ಇಲ್ಲ.

ಅವನಿಗೂ ಹೆದರಿಕೆ ಇರಲಿಲ್ಲವೇ? 32 ವರ್ಷದ ಆ ಮನುಷ್ಯನನ್ನು ಅದಕ್ಕೂ ಮೊದಲು 40ಕ್ಕೂ ಹೆಚ್ಚು ಸಲ ಪೊಲೀಸರು ರಸ್ತೆಯಲ್ಲಿ ತಡೆದಿದ್ದರು. ಹೆಚ್ಚಿನವು ಸಣ್ಣಪುಟ್ಟ ಸಂಚಾರದ ವಿಷಯಗಳು. ಪೊಲೀಸರು ತಡೆದರೆ ಹೇಳಿದ್ದನ್ನು ಕೇಳು, ಎದುರಾಡಬೇಡ ಅಂತ ಅವನ ತಾಯಿ ಅವನಿಗೆ ಕಲಿಸಿದ್ದಳು. ತರಬೇತಿ ಪಡೆದು, ಸಮವಸ್ತ್ರ ಹಾಕಿ, ಬಂದೂಕು ಹಿಡಿದವನು ಗಾಬರಿಯಾದರೆ ಕಾನೂನು ಅವನನ್ನು ಅರ್ಥ ಮಾಡಿಕೊಳ್ಳುತ್ತದೆ. ಊಟ ಬಡಿಸುವವನು ಮಾತ್ರ ಗಾಬರಿಯಾಗದೆ, ಕೈ ಅಲುಗಿಸದೆ, ಸರಿಯಾದ ಪದ ಆರಿಸಿ, ಸರಿಯಾದ ವೇಗದಲ್ಲಿ ಮಾತಾಡಬೇಕು. ತಪ್ಪಿದರೆ ಸಾವು. ತಪ್ಪದಿದ್ದರೂ ಸಾವು.

ನಮ್ಮ ಅವ್ವಂದಿರು ನಮಗೆ ಕಲಿಸಿದ್ದು ಬೇರೆಯೇ? ಗೌಡರು ಎದುರಾದರೆ ಸೈಕಲ್ಲಿನಿಂದ ಇಳಿ. ಜಗಲಿ ಮೇಲೆ ಕೂತಿದ್ದರೆ ಎದ್ದು ನಿಲ್ಲು. ಚಪ್ಪಲಿ ಕೈಯಲ್ಲಿ ಹಿಡಿ. ಕೇಳಿದ್ದಕ್ಕೆ ಮಾತ್ರ ಬಾಯಿ ಬಿಡು. ಇದನ್ನು ಅವರು ನಾಚಿಕೆಯಿಲ್ಲದೆ ಕಲಿಸಲಿಲ್ಲ, ಮಗ ಸಂಜೆ ಮನೆಗೆ ಬರಲಿ ಅಂತ ಕಲಿಸಿದರು. ಬಗ್ಗಿ ನಡೆದರೆ ಉಳೀತೀಯ ಅನ್ನುವುದು ಶೋಷಿತರ ಮನೆಗಳ ಮೊದಲ ಪಾಠ. ಕ್ಯಾಸ್ಟೀಲ್ ಸಾವು ಹೇಳುವುದು ಏನೆಂದರೆ, ಬಗ್ಗಿ ನಡೆದರೂ ಉಳಿಯುವ ಗ್ಯಾರಂಟಿ ಇಲ್ಲ.

ಈಗ ಎದುರಾಳಿಯ ಮಾತನ್ನೂ ಕೇಳಬೇಕು. ಕೇಳದೆ ಹೋದರೆ ಅದು ವಾದ ಅಲ್ಲ, ಕೂಗಾಟ. ಅವರು ಹೇಳುತ್ತಾರೆ: ಪೊಲೀಸನೂ ಮನುಷ್ಯ. ಜನಸಂಖ್ಯೆಗಿಂತ ಬಂದೂಕುಗಳೇ ಹೆಚ್ಚಿರುವ ದೇಶ ಅದು. ತಡೆದ ಕಾರಿನಿಂದ ಗುಂಡು ಹಾರಿ ಪೊಲೀಸರು ಸತ್ತದ್ದೂ ಇದೆ. ಅವನ ಹೆದರಿಕೆ ನಾಟಕ ಅಲ್ಲ. ಗುಂಡು ಹಾರಿಸಿದ ಮೇಲೆ ಅವನ ದನಿಯೇ ನಡುಗುತ್ತಿತ್ತು. ಮೇಲಾಗಿ ಅವನೇನು ಬಿಳಿಯನೂ ಅಲ್ಲ, ಲ್ಯಾಟಿನೊ ಮೂಲದವನು.

ಒಪ್ಪೋಣ. ಹೆದರಿಕೆ ನಿಜವಾದದ್ದೇ ಅಂತ ಒಪ್ಪೋಣ. ಆದರೆ ಹೆದರಿಕೆ ನಿಜ ಅಂದ ಮಾತ್ರಕ್ಕೆ ಅದು ನ್ಯಾಯ ಆಗುತ್ತದೆಯೇ?

ಈ ಪ್ರಶ್ನೆಗೆ ಉತ್ತರ ನಮ್ಮ ಕೇರಿಗೆ ಚೆನ್ನಾಗಿ ಗೊತ್ತು. ಹೊಲೆಯ ಮಾದಿಗರ ನೆರಳು ಬಿದ್ದರೆ ಮೈಲಿಗೆ ಅಂದವರಿಗೆ ಆ ಹೇಸಿಗೆ ನಿಜವಾಗಿಯೇ ಆಗುತ್ತಿತ್ತು. ಅವರು ನಟಿಸುತ್ತಿರಲಿಲ್ಲ. ಚಳಿಗಾಲದ ಬೆಳಗಿನಲ್ಲಿ ತಣ್ಣೀರು ಸ್ನಾನ ಮಾಡುತ್ತಿದ್ದರು. ನಾವು ಮುಟ್ಟಿದ ಕೊಡದ ನೀರು ಚೆಲ್ಲುತ್ತಿದ್ದರು, ಬಿಸಿಲಲ್ಲಿ ಮತ್ತೆ ಬಾವಿಗೆ ನಡೆಯುತ್ತಿದ್ದರು. ಅಷ್ಟು ಕಷ್ಟಪಟ್ಟು ಯಾರೂ ಸುಳ್ಳು ಹೇಸಿಗೆ ಪಡುವುದಿಲ್ಲ. ಆದರೆ ಸಂವಿಧಾನದ 17ನೆಯ ವಿಧಿ "ನಿಮಗೆ ನಿಜವಾಗಿಯೂ ಹೇಸಿಗೆ ಆಯಿತೇ?" ಅಂತ ಕೇಳುವುದಿಲ್ಲ. ಅಸ್ಪೃಶ್ಯತೆ ಯಾವ ರೂಪದಲ್ಲಿದ್ದರೂ ರದ್ದು ಅನ್ನುತ್ತದೆ. ನಿನ್ನ ಹೇಸಿಗೆ ನಿನ್ನ ಹೊಟ್ಟೆಯಲ್ಲಿ ಇಟ್ಟುಕೋ, ಅದರ ಬೆಲೆಯನ್ನು ಇನ್ನೊಬ್ಬನ ಕೈಯಿಂದ ಕೀಳಬೇಡ ಅನ್ನುವುದು ಅದರ ನೀತಿ. 1955ರ ಕಾಯ್ದೆಯೂ, 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೇ ನೆಲದ ಮೇಲೆ ನಿಂತಿವೆ. ಇವು ಎಷ್ಟರಮಟ್ಟಿಗೆ ಜಾರಿಯಾಗಿವೆ ಅನ್ನುವ ಜಗಳ ಬೇರೆ. ನೀತಿ ಮಾತ್ರ ಸರಿಯಾಗಿದೆ.

ಹೇಸಿಗೆಯ ಹಾಗೇ ಹೆದರಿಕೆ. ಎರಡೂ ಹುಟ್ಟಿನಿಂದ ಬಂದದ್ದಲ್ಲ, ಸಮಾಜ ಕಲಿಸಿದ್ದು. ಕಲಿಸಿದವರು ಯಾರು ಅಂತ ಚರಿತ್ರೆ ಹೇಳುತ್ತದೆ.

1680ರಲ್ಲಿ ವರ್ಜೀನಿಯಾ ವಸಾಹತು ಒಂದು ಶಾಸನ ಮಾಡಿತು. ಕಪ್ಪು ಗುಲಾಮರು ದೊಣ್ಣೆ, ಬಂದೂಕು, ಕತ್ತಿ ಏನನ್ನೂ ಒಯ್ಯಕೂಡದು. ಧಣಿಯ ಚೀಟಿ ಇಲ್ಲದೆ ಅವನ ಜಮೀನು ಬಿಟ್ಟು ಹೊರಗೆ ಹೋಗಕೂಡದು. ದಾರಿಯಲ್ಲಿ ತಡೆದು ಚೀಟಿ ಕೇಳುವುದೂ ಆಯುಧ ಕಿತ್ತುಕೊಳ್ಳುವುದೂ ಒಂದೇ ಶಾಸನದಲ್ಲಿ ಜೋಡಿಯಾಗಿ ಬಂದವು. 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಮುಖ್ಯ ನ್ಯಾಯಾಧೀಶ ಟಾನಿ, ಕಪ್ಪು ಜನರನ್ನು ಪೌರರೆಂದು ಒಪ್ಪಿದರೆ ಏನೇನು ಅನಾಹುತ ಆಗುತ್ತದೆ ಅಂತ ಪಟ್ಟಿ ಮಾಡಿದ. ಅವರು ಎಲ್ಲಿ ಬೇಕಾದರೂ ಆಯುಧ ಒಯ್ಯಬಹುದು ಅನ್ನುವುದೂ ಆ ಪಟ್ಟಿಯಲ್ಲಿತ್ತು. ಆಯುಧದ ಹಕ್ಕು ಅಂದರೆ ಪೌರತ್ವ ಅಂತ ಅವನಿಗೆ ಗೊತ್ತಿತ್ತು, ಅದಕ್ಕೇ ಪೌರತ್ವವನ್ನೇ ನಿರಾಕರಿಸಿದ. ಯಾದವೀ ಯುದ್ಧ ಮುಗಿದು ಗುಲಾಮಗಿರಿ ಮುರಿದುಬಿದ್ದ 1865ರಲ್ಲೇ ಮಿಸಿಸಿಪ್ಪಿ ರಾಜ್ಯ, ಬಿಡುಗಡೆಯಾದ ಕಪ್ಪು ಜನ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳಕೂಡದು ಅಂತ ಕಾನೂನು ಮಾಡಿತು.

ಚಾತುರ್ವರ್ಣ್ಯ ಇಷ್ಟು ಕಾಲ ಹೇಗೆ ಉಳಿಯಿತು ಅಂತ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಕೇಳಿಕೊಂಡು ಕೊಟ್ಟ ಉತ್ತರ ಇಲ್ಲಿ ನೆನಪಾಗುತ್ತದೆ. ಕೆಳಗಿನವರಿಗೆ ಆಯುಧ ಇರಲಿಲ್ಲ, ಆಯುಧ ಇಲ್ಲದೆ ಅವರು ಬಂಡೇಳುವ ಹಾಗಿರಲಿಲ್ಲ ಅಂದರು ಅವರು. ಮನುವೂ ವರ್ಜೀನಿಯಾದ ಧಣಿಯೂ ಒಂದೇ ಲೆಕ್ಕ ಹಾಕಿದ್ದರು.

1966ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. ಪೊಲೀಸರು ಕಪ್ಪು ಮನುಷ್ಯನನ್ನು ತಡೆದಲ್ಲಿ ಪ್ಯಾಂಥರುಗಳು ಹೋಗಿ, ಕಾನೂನು ಹೇಳಿದಷ್ಟು ದೂರದಲ್ಲಿ ನಿಲ್ಲುತ್ತಿದ್ದರು. ಒಂದು ಕೈಯಲ್ಲಿ ಬಂದೂಕು, ಇನ್ನೊಂದು ಕೈಯಲ್ಲಿ ಕಾನೂನಿನ ಪುಸ್ತಕ. ತಡೆಯಲ್ಪಟ್ಟವನಿಗೆ ಕೇಳುವ ಹಾಗೆ ಅವನ ಹಕ್ಕುಗಳನ್ನು ಓದುತ್ತಿದ್ದರು. ಆಗ ಅಲ್ಲಿ ತುಂಬಿದ ಬಂದೂಕನ್ನು ಎದ್ದುಕಾಣುವಂತೆ ಒಯ್ಯುವುದು ಅಪರಾಧವಾಗಿರಲಿಲ್ಲ. ಅದನ್ನು ಅಪರಾಧ ಮಾಡುವ ಮಸೂದೆ ಬಂತು. 1967ರ ಮೇ 2ರಂದು ಪ್ಯಾಂಥರುಗಳು ಬಂದೂಕು ಹಿಡಿದೇ ಸ್ಯಾಕ್ರಮೆಂಟೊದ ಶಾಸನಭವನಕ್ಕೆ ಹೋಗಿ ಪ್ರತಿಭಟಿಸಿದರು. ಆ ವರ್ಷವೇ ಗವರ್ನರ್ ರೊನಾಲ್ಡ್ ರೇಗನ್ ಮಸೂದೆಗೆ ಸಹಿ ಹಾಕಿದ. 2020ರ ಏಪ್ರಿಲ್ 30ರಂದು ಮಿಷಿಗನ್ ರಾಜ್ಯದ ಶಾಸನಭವನದೊಳಗೆ ಉದ್ದುದ್ದ ಬಂದೂಕು ಹಿಡಿದ ಪ್ರತಿಭಟನಕಾರರು ನಿಂತರು. ಅವರಲ್ಲಿ ಬಹುಪಾಲು ಬಿಳಿಯರು. ಒಂದು ಗುಂಡೂ ಹಾರಲಿಲ್ಲ, ಹಾರಬಾರದಿತ್ತು ಕೂಡ. ನಮ್ಮ ಪ್ರಶ್ನೆ ಇಷ್ಟೇ: ಅಲ್ಲಿ ತೋರಿದ ಆ ತಾಳ್ಮೆ ಬ್ರೇಕ್ ಲೈಟಿನ ಕಾರಿಗೆ ಯಾಕೆ ಇರಲಿಲ್ಲ?

ಆ ಕಾರನ್ನು ನಿಲ್ಲಿಸುವ ಮೊದಲು ಪೊಲೀಸು ವೈರ್‌ಲೆಸ್ಸಿನಲ್ಲಿ ಹೇಳಿದ ಕಾರಣ ಬೇರೆಯೇ ಇತ್ತು. ಒಂದು ದರೋಡೆಯ ಆರೋಪಿಯ ಹಾಗೆ ಇವನು ಕಾಣುತ್ತಾನೆ, ಮೂಗು ಅಗಲವಾಗಿದೆ ಅಂತ ಅವನು ಹೇಳಿದ್ದ. ಮೂಗು! ಈ ಮೂಗಿನ ಕತೆಯೂ ನಮಗೆ ಹೊಸದಲ್ಲ. 1901ರ ಜನಗಣತಿಯ ಅಧಿಕಾರಿ ರಿಸ್ಲೆ ಮೂಗಿನ ಅಳತೆ ಹಿಡಿದು ಜಾತಿಗಳನ್ನು ಮೇಲೆ ಕೆಳಗೆ ಜೋಡಿಸಲು ಹೊರಟಿದ್ದ. ಅಂಥದೇ ಅಳತೆಗಳನ್ನು ತೆಗೆದುಕೊಂಡು ಬಾಬಾಸಾಹೇಬರು 1948ರ 'ಅಸ್ಪೃಶ್ಯರು' ಪುಸ್ತಕದಲ್ಲಿ, ಬ್ರಾಹ್ಮಣನ ಮೂಗಿಗೂ ಅಸ್ಪೃಶ್ಯನ ಮೂಗಿಗೂ ಜನಾಂಗ ಭೇದ ಇಲ್ಲ ಅಂತ ತಿರುಗಿ ಉತ್ತರ ಕೊಟ್ಟರು. ಮುಖ ನೋಡಿ ಅಪರಾಧ ಊಹಿಸುವ ವಿದ್ಯೆಗೆ ನಮ್ಮಲ್ಲೇ ಒಂದು ಕಾಯ್ದೆ ಇತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರು ಅಂದಿತು. 1952ರಲ್ಲಿ ಅದು ರದ್ದಾಯಿತು. ಊರಲ್ಲಿ ಕಳವಾದರೆ ಪೊಲೀಸ್ ಜೀಪು ಮೊದಲು ಯಾವ ಗುಡಿಸಲುಗಳ ಕಡೆ ತಿರುಗುತ್ತದೆ ಅಂತ ಅಲೆಮಾರಿ ಜನರನ್ನು ಕೇಳಿ ನೋಡಿ.

ಹಾಗಾದರೆ ನಾವೂ ಬಂದೂಕಿನ ಹಕ್ಕು ಕೇಳಬೇಕೇ? ನಾನು ಹಾಗೆ ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಬಂದೂಕು ಹಕ್ಕಲ್ಲ, 1959ರ ಆಯುಧ ಕಾಯ್ದೆಯಡಿ ಸರ್ಕಾರ ಕೊಡುವ ಪರವಾನಗಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಯಾರನ್ನು ನಂಬಬೇಕು, ಯಾರಿಗೆ ಹೆದರಬೇಕು ಅನ್ನುವುದನ್ನು ಪ್ರಭುತ್ವ ಎಲ್ಲ ಕಡೆಯೂ ತಾನೇ ಆರಿಸುತ್ತದೆ ಅನ್ನುವುದಕ್ಕಷ್ಟೇ ಈ ಮಾತು. ಬಂದೂಕು ಹೆಚ್ಚಾದ ಊರಿನಲ್ಲಿ ಮೊದಲು ಸಾಯುವವರು ಬಡವರೇ. ಕ್ಯಾಸ್ಟೀಲನ ಜೇಬಿನಲ್ಲಿದ್ದ ಬಂದೂಕು ಅವನನ್ನು ಕಾಯಲಿಲ್ಲ.

1972ರಲ್ಲಿ ಮುಂಬಯಿಯ ದಲಿತ ಯುವಕರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡರು. ಓಕ್ಲೆಂಡಿನಿಂದ ಹೆಸರು ತಂದರು, ಸಿಟ್ಟು ತಂದರು, ಬಂದೂಕು ತರಲಿಲ್ಲ. ಅದು ಸರಿಯಾದ ಆಯ್ಕೆ ಅಂತ ನನಗೆ ಅನ್ನಿಸುತ್ತದೆ. ಆ ಪ್ಯಾಂಥರುಗಳ ಎರಡು ಕೈಗಳಲ್ಲಿ ನಾವು ಹಿಡಿಯಬೇಕಾದದ್ದು ಪುಸ್ತಕ ಹಿಡಿದ ಕೈ. ತಡೆದ ಜಾಗದಲ್ಲಿ ಹೋಗಿ ನಿಲ್ಲುವ ಕಾಲುಗಳು.

ಯಾಕೆಂದರೆ ಹಕ್ಕನ್ನು ಕಾಯುವುದು ಕಾನೂನು ಅಲ್ಲ, ಸಮಾಜದ ಆತ್ಮಸಾಕ್ಷಿ ಅಂತ ಬಾಬಾಸಾಹೇಬರು 1943ರ ರಾನಡೆ ಭಾಷಣದಲ್ಲೇ ಎಚ್ಚರಿಸಿದ್ದರು. ಆತ್ಮಸಾಕ್ಷಿ ಆಕಾಶದಲ್ಲಿ ಇರುವುದಿಲ್ಲ. ಕಣ್ಣಿಟ್ಟು ನೋಡುವ ಜನರಲ್ಲಿ ಇರುತ್ತದೆ. ಆ ರಾತ್ರಿ ಕಾರಿನಲ್ಲಿದ್ದ ಗೆಳತಿ, ಎದುರಿಗೆ ಇನ್ನೂ ಗುರಿಯಿಟ್ಟ ಬಂದೂಕು ಇರುವಾಗಲೇ, ಫೋನಿನಲ್ಲಿ ಎಲ್ಲವನ್ನೂ ಜಗತ್ತಿಗೆ ತೋರಿಸಿದಳು. ಅವಳು ತೋರಿಸದೆ ಇದ್ದಿದ್ದರೆ ಇವತ್ತು ಇಲ್ಲಿ ಕೂತು ನಾನು ಈ ಹೆಸರು ಬರೆಯುತ್ತಿರಲಿಲ್ಲ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಠಾಣೆಯ ಬಾಗಿಲಲ್ಲಿ ಒಬ್ಬ ಹುಡುಗನನ್ನು ತಡೆದು ಮೊದಲು ಹೆಸರು, ಆಮೇಲೆ ಅಪ್ಪನ ಹೆಸರು, ಆಮೇಲೆ ಕೇರಿ ಕೇಳುವಾಗ ನಾವು ಮೇಷ್ಟ್ರು, ವಿದ್ಯಾರ್ಥಿಗಳು, ಸಂಘದವರು ಏನು ಮಾಡುತ್ತೇವೆ? ಬಸ್ಸು ಬಂತು ಅಂತ ಹತ್ತಿ ಹೋಗುತ್ತೇವೆ. ಹೋಗಬಾರದು. ಹತ್ತು ಹೆಜ್ಜೆ ದೂರದಲ್ಲಿ ನಿಂತು ನೋಡಬೇಕು. ನೋಡುತ್ತಿದ್ದೇವೆ ಅಂತ ಅವರಿಗೆ ಗೊತ್ತಾಗಬೇಕು. ಇವನ ಪರವಾಗಿ ಯಾರೂ ಕೇಳುವುದಿಲ್ಲ ಅನ್ನುವ ಧೈರ್ಯ ತಡೆದವನಿಗೆ ಇರುವ ತನಕ, ತಡೆಯಲ್ಪಟ್ಟವನ ಹೆದರಿಕೆ ಲೆಕ್ಕಕ್ಕೆ ಬರುವುದಿಲ್ಲ.

ಆಮೇಲೆ ಆ ಗೆಳತಿಯನ್ನು ಬೇಡಿ ಹಾಕಿ ಪೊಲೀಸ್ ಕಾರಿನಲ್ಲಿ ಕೂರಿಸಿದರು. ಪಕ್ಕದಲ್ಲಿ ಕೂತ 4 ವರ್ಷದ ಮಗಳು, ಅಮ್ಮಾ ಕಿರುಚಬೇಡ, ನಿನಗೂ ಗುಂಡು ಹೊಡೀತಾರೆ ಅಂತ ಬೇಡಿಕೊಂಡಳು. ಬಗ್ಗಿ ನಡೆದರೆ ಉಳೀತೀಯ ಅನ್ನುವ ಪಾಠವನ್ನು ಆ ಮಗುವಿಗೆ ಯಾರೂ ಕೂರಿಸಿಕೊಂಡು ಹೇಳಿಕೊಡಬೇಕಾಗಲಿಲ್ಲ. ಒಂದೇ ರಾತ್ರಿಯಲ್ಲಿ ಕಲಿತಳು, ಕಲಿತು ತಾಯಿಗೇ ಹೇಳಿಕೊಟ್ಟಳು.

ನಾಳೆ ಶಾಲೆಯಲ್ಲಿ ಪುಣ್ಯಕೋಟಿಯ ಪಾಠ ಇದ್ದರೆ ಮಾಡಿ. ನಿಜ ಹೇಳುವುದನ್ನು ಮಕ್ಕಳು ಬಿಡಬಾರದು. ಆದರೆ ಪಾಠ ಮುಗಿದ ಮೇಲೆ ಒಂದು ಪ್ರಶ್ನೆಯನ್ನೂ ಕೇಳಿ: ಹಸು ಒಂದೇ ಹುಲಿಯ ಮುಂದೆ ನಿಂತಿದ್ದಾಗ, ದೊಡ್ಡಿಯಲ್ಲಿದ್ದ ಉಳಿದ ಹಸುಗಳೆಲ್ಲ ಏನು ಮಾಡುತ್ತಿದ್ದವು?